ಪೂಜೆಗೆ ಮುಂಚಿನ ನೀರು

ನಿಜಲಿಂಗಪ್ಪ ಬಡಾವಣೆ, ದಾವಣಗೆರೆ
೧೨ ಏಪ್ರಿಲ್ ೧೯೯೮, ಭಾನುವಾರ ಮಧ್ಯಾಹ್ನ

ಪ್ರೀತಿಯ ವಾಣಿ,

‘ಬಾಯಾರಿದವನ ಮುಂದೆ ಹೊಳೆಯೂ ತಲೆ ಬಾಗುತ್ತದೆ’ ಎಂದು ಎಲ್ಲೋ ಓದಿದ ಸಾಲು, ಮುಂದಿನದು ಮರೆತಿದೆ. ಬೆಳಗಿನಿಂದ ಹೇಳಿಕೊಳ್ಳುತ್ತಿದ್ದೇನೆ, ನಂಬಿಕೆ ಬರುತ್ತಿಲ್ಲ. ನಿನ್ನ ಉಬ್ಬಸ ಹೇಗಿದೆ? ಹೊರಗೆ ಹೋಗುವಾಗ ಆ ಉಸಿರಿನ ಪಂಪು ಚೀಲದಲ್ಲೇ ಇರಲಿ.

ಕುಳಿತುಕೊಂಡು ಓದು. ಅಪ್ಪ ಇಲ್ಲಿ ಆಸ್ಪತ್ರೆಯಲ್ಲಿದ್ದಾರೆ. ಗುರುವಾರ ಹರಿಹರದ ಮನೆಯಲ್ಲಿ ವಾಂತಿಭೇದಿ ಶುರುವಾಯಿತು. ಎದ್ದು ಸ್ನಾನ ಮಾಡುವ ತ್ರಾಣವಿರಲಿಲ್ಲ. ಸ್ನಾನವಿಲ್ಲದೆ ಲಿಂಗಪೂಜೆಯಿಲ್ಲ, ಪೂಜೆಯಿಲ್ಲದೆ ನೀರಿಲ್ಲ. “ಮೈ ತೊಳೀದೆ ಲಿಂಗ ಮುಟ್ಟಂಗಿಲ್ಲ. ನೀರು ಬ್ಯಾಡ, ಒಯ್ಯೇ” ಎಂದು ಲೋಟ ದೂಡಿದರಂತೆ. ನಮ್ಮ ಅಮ್ಮನೋ, ಅವರು ಕುಡಿಯಲಿಲ್ಲವೆಂದು ತಾನೂ ಕುಡಿಯದೆ ಕುಳಿತವಳು! ಹೊಳೆಗೆ ಅಷ್ಟು ಹತ್ತಿರದ ಮನೆಯಲ್ಲಿ ಒಂದೂವರೆ ದಿನ ಒಣಗಿದರು. ನಾನು ಹೋಗಿ ಕರೆತರುವಷ್ಟರಲ್ಲಿ ಮೂತ್ರ ನಿಂತಿತ್ತು.

ಕಿಡ್ನಿ ಏಕಾಏಕಿ ಕೆಲಸ ನಿಲ್ಲಿಸಿದೆ ಎಂದರು ಇಲ್ಲಿನ ಡಾಕ್ಟರು. ಡೋಪಮೈನ್ ಎಂಬ ಔಷಧವನ್ನು ಹನಿಹನಿಯಾಗಿ ಬಿಡುತ್ತಿದ್ದಾರೆ. ಮಿದುಳಿನಲ್ಲಿ ನರದಿಂದ ನರಕ್ಕೆ ಸುದ್ದಿ ಒಯ್ಯುವ ವಸ್ತುವಂತೆ ಅದು. ತುಸುವೇ ಕೊಟ್ಟರೆ ಕಿಡ್ನಿಯ ರಕ್ತನಾಳಗಳನ್ನು ಹಿಗ್ಗಿಸಿ ಕಾಪಾಡುತ್ತದಂತೆ. ನಮ್ಮೊಳಗೇ ಹುಟ್ಟುವುದನ್ನು ಬಾಟಲಿಯಿಂದ ಬೇಡುವ ಹಾಗಾಯಿತಲ್ಲ ಎಂದುಕೊಂಡೆ. ನಿಜವಾಗಿ ಕಾಪಾಡುತ್ತದೆಯೇ ಎಂದು ಒತ್ತಿ ಕೇಳಿದ್ದಕ್ಕೆ ಡಾಕ್ಟರು, “ಎಲ್ರೂ ಕೊಡ್ತೀವ್ರಿ. ಈಗೀಗ ಕೆಲವ್ರು ಅನುಮಾನ ಪಡ್ತಾರೆ. ನೋಡಾಣ” ಎಂದರು. ಆ ಪ್ರಾಮಾಣಿಕತೆ ನನಗೆ ಬೇಕಿರಲಿಲ್ಲ, ವಾಣಿ. ಈಗ ಅಪ್ಪನೇ ನೀರು ಕೇಳುತ್ತಾರೆ. ಏರಿಸಿದ ಸಲೈನಿಗೇ ಕಾಲು ಊದಿವೆ, ಹೊರಹೋಗದ ನೀರು ಎದೆಗೆ ಏರುತ್ತದೆಂದು ಚಮಚದ ಅಳತೆ ಮೀರಿ ಕೊಡುವಂತಿಲ್ಲ. “ಪೂಜಿ ಆಮ್ಯಾಲೆ ಮಾಡ್ತೀನಿ, ಕೊಡವ್ವಾ” ಎನ್ನುತ್ತಾರೆ. ನಾನು ಕಿಟಕಿಯ ಕಡೆ ತಿರುಗಿಕೊಳ್ಳುತ್ತೇನೆ.

ನಿಮ್ಮ ಅತ್ತೆಯವರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ಅಕ್ಕ,
ಅನ್ನಪೂರ್ಣ

ಹೇಳಬೇಕಾದ್ದೇ ಉಳಿಯಿತು: ಹುಬ್ಬಳ್ಳಿಯ ನಿಮ್ಮ ಫೋನು ಸತ್ತಿದೆ, ಅದಕ್ಕೇ ಸಂಜೆಯ ರೈಲಿಗೆ ಅಲ್ಲಿಗೆ ಹೊರಟಿರುವ ನಮ್ಮ ಬೀದಿಯ ಬೊಮ್ಮಣ್ಣನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ನಾಳೆಯೊಳಗೆ ಸಾಕಷ್ಟು ಮೂತ್ರ ಬಾರದಿದ್ದರೆ ಡಯಾಲಿಸಿಸ್ ಮಾಡಬೇಕಂತೆ. ಅಪ್ಪ ಯಂತ್ರ ಬೇಡವೇ ಬೇಡ ಎನ್ನುತ್ತಾರೆ. ಅವರು ಸೋಲುವುದು ನಿನ್ನ ಮಾತಿಗೆ ಮಾತ್ರ. ಓದಿದ ಕೂಡಲೇ ಹೊರಡು. ಇದನ್ನು ಬರೆಯುತ್ತಿರುವಾಗಲೇ ಪಕ್ಕದ ಮನೆಯ ರಹೀಮುನ್ನೀಸಾ ಬಾಗಿಲಿಗೆ ಬಂದರು; ಆಸ್ಪತ್ರೆಯಲ್ಲಿ ಅಪ್ಪನ ಬಳಿ ಈಗ ಅಮ್ಮ ಇದ್ದಾಳೆ, ಅಲ್ಲಿಂದ ಫೋನ್ ಬರುವುದು ಅವರ ಮನೆಗೇ. “ಅಕ್ಕಾ, ಅಮ್ಮಾರು ಫೋನ್ ಮಾಡಿದ್ರು. ಚೀಲದಾಗೆ ಬೆರಳಷ್ಟು ಉಚ್ಚೆ ಬಂದೈತಂತೆ. ಅಳ್ತಿದ್ರು ಕಣ್ರಿ. ಬಂತು ಅಂತಾನೋ, ಸಾಲ್ದು ಅಂತಾನೋ, ನಂಗೆ ತಿಳೀಲಿಲ್ಲ.”