ಸದ್ದಿಲ್ಲದ ಯಂತ್ರ

ಜುಲೈ ೯, ಮಂಗಳವಾರ

ಅಂಗಡಿಯಲ್ಲಿ ಆದದ್ದನ್ನು ಹೆಂಡತಿ ಓಮನಾಳಿಗೆ ಹೇಳಿಲ್ಲ.

ಹೃದಯಕ್ಕೆ ಸ್ಟೆಂಟ್ ಹಾಕಿ ಮೂರು ತಿಂಗಳು. ವ್ಯಾಯಾಮಕ್ಕೆ ಮನೆಯಲ್ಲೇ ದೋಣಿಯಂತೆ ಹುಟ್ಟು ಹಾಕುವ ಯಂತ್ರ ಇಟ್ಟುಕೊಳ್ಳಿ, ಆದರೆ ಎದೆಬಡಿತ ನೂರಹತ್ತು ದಾಟಬಾರದು ಎಂದಿದ್ದರು ಡಾಕ್ಟರು. ಇವತ್ತು ಅವಳ ತಮ್ಮ ಸುಗುಣನೊಂದಿಗೆ ಆಲಪ್ಪುಳದ ಅಂಗಡಿಗೆ ಹೋದೆ. ನಮ್ಮ ಕೈಗೆಟುಕುವಂಥವು ಎರಡೇ ಇದ್ದವು. ಒಂದರಲ್ಲಿ ನೀರಿನ ತೊಟ್ಟಿ, ಎಳೆದಾಗಲೆಲ್ಲ ಜಳಕ್ ಎನ್ನುತ್ತದೆ. ಇನ್ನೊಂದಕ್ಕೆ ಸದ್ದೇ ಇಲ್ಲ.

ನೀರಿನದರ ಮೇಲೆ ಕೂತೆ. ಸುಗುಣ ತಮಾಷೆಗೆ ತೊಡೆ ತಟ್ಟುತ್ತ ನಮ್ಮ ದೋಣಿಹಾಡು ಶುರು ಮಾಡಿದ. ಇಪ್ಪತ್ತೆರಡು ವರ್ಷ ಪಂದ್ಯದ ಹಾವುದೋಣಿಯಲ್ಲಿ ಹುಟ್ಟು ಹಾಕಿದ ಮೈ ಇದು. ಹಾಡು ಏರಿದರೆ ಕೈ ಏರುತ್ತದೆ. ಹಾಡು ಮುಗಿಯುವ ಮೊದಲು ಹುಟ್ಟು ನಿಲ್ಲಿಸಿದವನ ಮುಖವನ್ನು ನಮ್ಮ ಊರಲ್ಲಿ ಯಾರೂ ನೋಡುವುದಿಲ್ಲ.

“ಹಾಡು ನಿಲ್ಸೋ ಮಾರಾಯ.”

“ನೀವೇ ಕೈ ನಿಲ್ಸಿ ಭಾವ.”

“ಆಗ್ತಿಲ್ಲ ಕಣೋ.”

ಅವನ ನಗು ಹಾಗೇ ಆರಿತು, ಹಾಡೂ ನಿಂತಿತು; ಆಗಲೇ ನನ್ನ ಕೈ ನಿಂತದ್ದು. ಯಂತ್ರದ ಪರದೆಯ ಮೇಲೆ ಎದೆಬಡಿತ ನೂರ ಅರವತ್ತೆಂಟು.

ನೀರಿನ ಜಳಕ್ ಕೇಳಿದರೆ ಆ ಹಾಡು ತಾನಾಗೇ ನೆನಪಾಗುತ್ತದೆ ಎಂದು ಸದ್ದಿಲ್ಲದ್ದನ್ನೇ ತಂದೆವು.

“ನೀರಿನ ಸದ್ದಿಲ್ದೆ ನೀವು ಹುಟ್ಟು ಹಾಕ್ತೀರಾ?” ಎಂದಳು ಓಮನಾ.

“ಇದೇ ಅಗ್ಗ” ಎಂದೆ.

ಅವಳು ಮಲಗಿದ ಮೇಲೆ ಮೆಲ್ಲಗೆ ಹತ್ತು ಸಲ ಎಳೆದು ನೋಡಿದೆ. ನಿಜಕ್ಕೂ ಸದ್ದಿಲ್ಲ. ಅದಕ್ಕೇ ಎದೆಬಡಿತ ಕಿವಿಗೇ ಕೇಳಿತು. ಕೈ ಆ ತಾಳವನ್ನೇ ಹಿಡಿಯಿತು. ಕೈ ಏರಿದಂತೆ ಅದೂ ಏರಿತು.

ಸುಗುಣನಿಗಾದರೆ ನಿಲ್ಲಿಸು ಎಂದೆ. ಎದೆಗೆ ಹಾಗೆ ಹೇಳುವಂತಿಲ್ಲ.