ಅಪ್ಪನಿಗೂ ಪ್ರವೇಶವಿಲ್ಲದ ಮನೆ

ತಿಪಟೂರು
೧೬ ಫೆಬ್ರವರಿ ೨೦೨೫

ನನ್ನ ಬಂಗಾರ ಭವ್ಯಾ,

ಅಮ್ಮನ ಆಶೀರ್ವಾದ. ಬರೆಯುವುದು ತಡವಾಯಿತು, ಮುನಿಸಿಕೊಳ್ಳಬೇಡ. ಮನೆ ಹಿಡಿದು, ಸಾಮಾನು ಸಾಗಿಸಿ, ಹಾಲು ಉಕ್ಕಿಸುವಷ್ಟರಲ್ಲಿ ಸಂಕ್ರಾಂತಿಯೇ ಕಳೆದುಹೋಯಿತು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಫೋನನ್ನು ಮೊದಲು ಎತ್ತುವವನು ನಿನ್ನ ಗಂಡ ಯೋಗೀಶ. ಅದಕ್ಕೇ ನಿನ್ನ ಶಾಲೆಯ ವಿಳಾಸಕ್ಕೆ ಕಾಗದ ಹಾಕುತ್ತಿದ್ದೇನೆ. ಓದಿ ಹರಿದುಬಿಡು.

ತಿಪಟೂರು ಸ್ಟೇಷನ್ನಿನ ಹತ್ತಿರ ಒಂದು ಪುಟ್ಟ ಮನೆ ಬಾಡಿಗೆಗೆ ಹಿಡಿದಿದ್ದೇವೆ ಕಣೇ. ಒಂದು ರೂಮು, ಅಡುಗೆಮನೆ, ಬಟ್ಟೆ ಒಣಹಾಕಲು ಗೇಣಗಲದ ಬಾಲ್ಕನಿ. ಊರಿನಲ್ಲಿ ಕೇಳಿದವರಿಗೆಲ್ಲ ನನ್ನ ಮಂಡಿನೋವಿನ ಚಿಕಿತ್ಸೆಗೆ ಎಂದಿದ್ದೇನೆ. ಮಂಡಿ ನೋಯುವುದೂ ಸುಳ್ಳಲ್ಲ. ಆದರೆ ನಿನಗೆ ನಿಜ ಹೇಳುತ್ತೇನೆ, ಈ ಮನೆ ನಿನಗಾಗಿ. ಕಡೂರಿನಲ್ಲಿ ರೈಲು ಹತ್ತಿದರೆ ಇಲ್ಲಿ ಇಳಿದು ನಡೆದೇ ಬರಬಹುದು.

ಇಲ್ಲಿ ಹೆಂಗಸರಿಗೆ ಮಾತ್ರ ಬಾಡಿಗೆ. ಮಾಲೀಕರು ಶಾಂತಕುಮಾರಿ, ನರ್ಸಾಗಿ ನಿವೃತ್ತರಾದವರು. ಗೇಟಿನ ಬೀಗದ ಕೈ ಸದಾ ಸೊಂಟದಲ್ಲೇ. "ಅಣ್ಣ ಅಂದ್ರೂ ಇಲ್ಲ, ಮಾವ ಅಂದ್ರೂ ಇಲ್ಲ. ದೇವ್ರೇ ಬಂದ್ರೂ, ಗಂಡುದೇವ್ರಾದ್ರೆ ಗೇಟಿನಾಚೆ ಕಣ್ರೀ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಮೊದಲ ವಾರವೇ ನಿಮ್ಮಪ್ಪ ನೊಣವಿನಕೆರೆಯಿಂದ ಬಸ್ಸಿನಲ್ಲಿ ಒಂದು ಚೀಲ ಕಾಯಿ ತಂದರು. ಅಟ್ಟದಲ್ಲಿ ಕಾಯಿ ಒಣಗುತ್ತಿರದಿದ್ದರೆ ಅವರ ಲೆಕ್ಕಕ್ಕೆ ಅದು ಮನೆಯೇ ಅಲ್ಲವಲ್ಲ. ಶಾಂತಕುಮಾರಿ ಗೇಟಿನಲ್ಲೇ ತಡೆದರು.

"ಕಾಯಿ ಅಟ್ಟಕ್ಕಾಕ್ಬುಟ್ಟು ಬತ್ತೀನಿ ಕಣಮ್ಮ, ಈಗ ಬಂದೆ."

"ಮಾತಂದ್ರೆ ಮಾತು ಕಣ್ರೀ ಶ್ರೀರಂಗಯ್ಯನೋರೆ. ಹಿಂದಕ್ಕೆ ನಡೀರಿ."

ಇನ್ನೊಬ್ಬರಾಗಿದ್ದರೆ ರೇಗುತ್ತಿದ್ದರು. ಇವರು ಬಹುಮಾನ ಸಿಕ್ಕಿದವರ ಹಾಗೆ ಮುಖ ಅರಳಿಸಿಕೊಂಡು ಹಿಂದಕ್ಕೆ ಸರಿದರು. ಕಾಯಿಯನ್ನು ಮಹಡಿಯ ಹುಡುಗಿಯರು ಹೊತ್ತರು. ನಾನು ಊಟದ ಡಬ್ಬಿ ಹಿಡಿದು ನಿಮ್ಮಪ್ಪನ ಜೊತೆ ಸ್ಟೇಷನ್ನಿಗೆ ನಡೆದೆ. ಈಗ ಭಾನುವಾರವೆಲ್ಲ ಹೀಗೇ. ಪ್ಲಾಟ್‌ಫಾರಂ ಬೆಂಚಿನ ಮೇಲೆ ಮುದ್ದೆ, ಹುರುಳಿಸಾರು. ಮದುವೆಯಾದ ಹೊಸತರಲ್ಲೂ ನಾವಿಬ್ಬರು ಹೀಗೆ ಜೊತೆಯಾಗಿ ಕೂತು ಉಂಡಿದ್ದಿಲ್ಲ. "ಏನೇ ಲಕ್ಷ್ಮೀ, ಈ ವಯಸ್ನಲ್ಲಿ ಕದ್ದು ಸೇರೋ ಹಂಗಾಯ್ತಲ್ಲೇ" ಎಂದು ಅವರಿಗೆ ನಗು. ಊರಿನಲ್ಲಿ ಮಾತ್ರ ಲಕ್ಷ್ಮಕ್ಕ ಗಂಡನನ್ನು ಬಿಟ್ಟಳೆಂದು ಆಡಿಕೊಳ್ಳುತ್ತಿದ್ದಾರಂತೆ. ಊರ ಬಾಯಿ ಮುಚ್ಚಿಸಲು ಯಾರಿಂದಾದೀತು, ಆಡಿಕೊಳ್ಳಲಿ ಬಿಡು.

ನಿನ್ನ ಕೈಯ ಬಾವು ಇಳಿಯಿತೇ? ಬಚ್ಚಲಲ್ಲಿ ಜಾರಿಬಿದ್ದೆ ಎಂದು ಬೇರೆಯವರಿಗೆ ಹೇಳು, ಹೆತ್ತವಳಿಗೆ ಬೇಡ. ನೆನೆದರೆ ಅನ್ನ ಇಳಿಯುವುದಿಲ್ಲ ಮಗಳೇ. ಬಟ್ಟೆಬರೆ ಕಟ್ಟಿಕೊಳ್ಳಲು ಹೋಗಬೇಡ, ಶಾಲೆಗೆ ಹೊರಟಂತೆಯೇ ಹೊರಟು ಬಾ. ಕೆಲಸದ ಮಾತು ಆಮೇಲೆ ನೋಡೋಣ. ನಿನ್ನ ಹಳೆಯ ಹೊದಿಕೆಯನ್ನು ಒಗೆದು ಬಿಸಿಲಿಗೆ ಹಾಕಿದ್ದೇನೆ.

ನಿನ್ನ ಹೊಟ್ಟೆ ತಣ್ಣಗಿರಲಿ, ಕಂದಾ.

ನಿನ್ನ ಅಮ್ಮ,
ಲಕ್ಷ್ಮಕ್ಕ

ಇನ್ನೊಂದು ಮಾತು: ಊರಲ್ಲಿ ಅಷ್ಟು ದೊಡ್ಡ ಮನೆ ಇರುವಾಗ ಈ ಗೂಡು ಏಕೆ ಎಂದು ನೀನು ಕೇಳುತ್ತೀಯ. ಎರಡು ಸಲ ನೀನು ನಮ್ಮಲ್ಲಿಗೆ ಓಡಿಬಂದೆ. ಎರಡು ಸಲವೂ ಯೋಗೀಶ ಹಿರಿಯರನ್ನು ಕಟ್ಟಿಕೊಂಡು, ಎಲೆಅಡಿಕೆ ತಟ್ಟೆ ಹಿಡಿದು ಬಂದು ಜಗುಲಿಯಲ್ಲಿ ಕೂತ. ಹಿರಿಯರ ತಟ್ಟೆಯನ್ನು ತಳ್ಳಲಾರದೆ ನಿಮ್ಮಪ್ಪ ನಿನಗೆ ಮಡಿಲಕ್ಕಿ ಕಟ್ಟಿಸಿ ಕಳಿಸಿಕೊಟ್ಟರು. ಈ ಮನೆಯನ್ನು ಹುಡುಕಿದ್ದು ನಾನಲ್ಲ, ಅವರೇ. ಬಾಡಿಗೆಗೆ ಕೇಳಲು ಬಂದ ದಿನ ಏನು ಹೇಳಿದರೆಂದು ಶಾಂತಕುಮಾರಿ ನಿನ್ನೆ ನನಗೆ ತಿಳಿಸಿದರು: "ಅವ್ರು ತಟ್ಟೆ ಹಿಡ್ಕೊಂಡು ಬಂದ್ರೆ ನಾನು ಮತ್ತೆ ಸೋತೋಯ್ತೀನಿ ಕಣಮ್ಮ. ನನ್ ಮಗ್ಳು ಇಲ್ಲಿಗೆ ಬಂದ್ಮೇಲೆ, ಕಳ್ಸಮ್ಮ ಅಂತ ನಾನೇ ಬಂದು ಕೈಮುಗುದ್ರೂ ಗೇಟ್ ತೆಗೀಬ್ಯಾಡಿ."