ಚೀಟಿ ಯಾರ ಜೇಬಿನಲ್ಲಿ

ಫೆಬ್ರವರಿ ೩, ಸೋಮವಾರ
ಇವತ್ತೂ ನನ್ನ ತರಗತಿಯಲ್ಲಿ ಒಂದು ಕುರ್ಚಿಯ ಕಾಲು ಮುರಿಯಿತು. ಎಸೆದವಳು ಸಿಡುಕಿ. ಸ್ಟಾಫ್ ರೂಮಿನವರು ಇಟ್ಟ ಹೆಸರು, ನನ್ನ ಬಾಯಿಗೂ ಅಂಟಿಬಿಟ್ಟಿದೆ. ಹದಿಮೂರು ವರ್ಷ, ಸಿಟ್ಟು ಮೂಗಿನ ತುದಿಯಲ್ಲೇ. ಹತ್ತೊಂಬತ್ತನೇ ತಾರೀಖಿಗೆ ಮೀಟಿಂಗ್ — ಅವಳನ್ನು ಇಲ್ಲೇ ಇಟ್ಟುಕೊಳ್ಳುವುದೋ, ಬೇರೆ ಶಾಲೆಗೆ ಕಳಿಸುವುದೋ ಅಂದೇ ತೀರ್ಮಾನ. ಕಳಿಸಲು ನಾನು ಬಿಡುವುದಿಲ್ಲ. ಎರಡು ವರ್ಷ ತಲೆ ಚಚ್ಚಿಕೊಂಡಿದ್ದೇನೆ.

ಕೌನ್ಸೆಲರ್ ಬಂದು ಉಪದೇಶ ಮಾಡಿದರು. "ಅವಳ ವಿಷಯ ಅವಳೇ ತೀರ್ಮಾನ ಮಾಡೋದು ಕಲೀಲಿ, ಮೇಡಂ." ಹೇಳಿ ಕಾರು ಹತ್ತಿ ಹೋದರು. ಅವರಿಗೇನು, ಕುರ್ಚಿ ಬೀಳುವುದು ನನ್ನ ಕಾಲ ಮೇಲೆ.

೫, ಬುಧವಾರ
'ಹೊರಗೆ ಹೋಗುವ ಚೀಟಿ' ಮಾಡಿದೆ. ಸಿಟ್ಟು ಏರುತ್ತಿದೆ ಅನ್ನಿಸಿದರೆ ಒಂದು ಚೀಟಿ ನನ್ನ ಮೇಜಿನ ಮೇಲಿಟ್ಟು ಐದು ನಿಮಿಷ ವರಾಂಡದಲ್ಲಿ ನಿಂತು ಬರಬಹುದು. ದಿನಕ್ಕೆ ಮೂರು. ಲ್ಯಾಮಿನೇಷನ್ ಬೇರೆ.

ಗಣಿತದ ಪೀರಿಯಡ್‌ನಲ್ಲಿ ಚೀಟಿಗೆ ಕೈ ಚಾಚಿದಳು ಸಿಡುಕಿ. "ಈಗ ಬೇಡಮ್ಮ, ಇನ್ನೊಂದು ಲೆಕ್ಕ ಮುಗಿಸು" ಅಂದೆ. ಡಸ್ಟರ್ ಹಾರಿ ಬಂತು. ಆಮೇಲೆ ಮೂಲೆಯಲ್ಲಿ ಕೂತು ಹೇಳಿದಳು: "ಚೀಟಿ ನಂದು ಅಂತೀರಾ. ಜೇಬಲ್ಲಿ ಇಟ್ಕೊಂಡಿರೋದು ನೀವು."

ಹೌದು. ಮೂರೂ ನನ್ನ ಕೋಟಿನ ಜೇಬಿನಲ್ಲೇ ಇದ್ದವು. ನನ್ನ ಬುದ್ಧಿಗಿಷ್ಟು...

೬, ಗುರುವಾರ
ಚೀಟಿಗಳನ್ನು ಅವಳ ಕೈಗೇ ಕೊಟ್ಟೆ. ಮೊದಲ ಪೀರಿಯಡ್‌ನಲ್ಲೇ ಮೂರೂ ಖಾಲಿ. ಮಿಕ್ಕ ದಿನ ನರಕ. ಮನೆಗೆ ಬಂದು ಗೊಣಗಿದರೆ ನನ್ನ ಮಗಳು, "ಅಮ್ಮಾ, ನಂಗೂ ಮೂರು ಚೀಟಿ ಕೊಡು. ನಿನ್ನ ಮಾತು ಕೇಳುವಾಗ ಬೇಕಾಗುತ್ತೆ" ಅಂದಳು.

೧೪, ಶುಕ್ರವಾರ
ಇವತ್ತು ಒಂದೇ ಚೀಟಿ. ತಾನೇ ಹೋದಳು, ತಾನೇ ಬಂದಳು. ಯಾರಿಗೂ ಹೇಳಿಲ್ಲ, ದೃಷ್ಟಿಯಾದೀತು.

೧೯, ಬುಧವಾರ, ಸಂಜೆ
ಮೀಟಿಂಗ್. ಹೆಡ್ ಮೇಡಂ, ಅವಳಮ್ಮ, ಅವಳು, ನಾನು. ನನ್ನ ಕೈಯಲ್ಲಿ ನಾಲ್ಕು ಪುಟ ವಾದ.

"ನಿಂಗೇನು ಬೇಕಮ್ಮ?" ಹೆಡ್ ಮೇಡಂ ಕೇಳಿದರು. 'ಇಲ್ಲೇ ಇರ್ತೀನಿ' ಅನ್ನಬೇಕಿತ್ತು. ವಾರವಿಡೀ ಹೇಳಿಕೊಟ್ಟಿದ್ದೆ.

"ಬೇರೆ ಶಾಲೆಗೆ ಹೋಗ್ತೀನಿ. ಇಲ್ಲಿ ಎಲ್ಲರಿಗೂ ನಾನು ಸಿಡುಕಿ. ಮಿಸ್‌ಗೂ."

ಅವಳಮ್ಮ ನನ್ನ ಮುಖ ನೋಡಿದರು. ಮೈಯೆಲ್ಲ ಉರಿಯಿತು. ಇಷ್ಟೆಲ್ಲ ಮಾಡಿದ್ದಕ್ಕೆ ಇದಾ? ಮರುಕ್ಷಣವೇ ನಾಚಿಕೆ. "ಅವಳು ಹೇಳಿದ ಹಾಗೇ ಆಗಲಿ" ಅಂದವಳೂ ನಾನೇ. ನಾಲ್ಕು ಪುಟ ಬ್ಯಾಗಿಗೆ ತುರುಕಿ ಎದ್ದು ಬಂದೆ.

೨೧, ಶುಕ್ರವಾರ, ಮಧ್ಯಾಹ್ನ
ಹೊಸ ಶಾಲೆಗೆ ಅವಳ ಬಗ್ಗೆ ವರದಿ ಕೊಡಬೇಕು. ಬರೆದು ಅವಳಿಗೇ ಓದಲು ಕೊಟ್ಟೆ. ಮೂರು ಸಾಲಿಗೇ ವಾಪಸ್. "ನಾನು ಹೇಳ್ತೀನಿ, ನೀವು ಬರ್ಕೊಳ್ಳಿ."

ಕಾಲು ಗಂಟೆಯಾಯಿತು. ಕಿಟಕಿ ನೋಡುತ್ತ ನಿಂತಿದ್ದಾಳೆ. ಸುಮ್ಮನಿರಲಾರದೆ ಇಲ್ಲಿ ಗೀಚುತ್ತಿದ್ದೇನೆ. ಏನು ಹೇಳಬೇಕೆಂದು ನನಗೆ ಗೊತ್ತು. ಹೇಳಿಕೊಟ್ಟರೆ ಎರಡು ನಿಮಿಷದ ಕೆಲಸ. ಬಾಯಿ ಬಿಡುವ ಹಾಗಿಲ್ಲ. ದೇವರೇ, ಇನ್ನೆಷ್ಟು ಹೊತ್ತು...

ತಿರುಗಿದಳು. "ಬರ್ಕೊಳ್ಳಿ ಮಿಸ್. ನಂಗೆ ಸಿಟ್ಟು ಬರುತ್ತೆ. ಬಂದಾಗ ನಂಗೆ ಬೇಕಾಗಿರೋದು ಐದು ನಿಮಿಷ. ಚೀಟಿ ನನ್ನ ಜೇಬಲ್ಲೇ ಇರ್ಲಿ."